ದೊಡ್ಡವ್ವನ ಹೆಬ್ಬೆರಳು, ವೆನಿಸ್ಸಿನ ಪುತಳಿ

ಹೋದ ತಿಂಗಳ ಒಂದು ರವಿವಾರ. ಖಾನಾಪುರ ತಾಲ್ಲೂಕಿನ ಬೀಡಿ. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ, ಪಡಸಾಲೆಯ ತುಂಬ ಹೆಣ್ಣುಮಕ್ಕಳು. ನಟ್ಟನಡುವೆ ಕೂತ ನನ್ನ ದೊಡ್ಡವ್ವ, ನಾನು ಕೊಟ್ಟ ಬಂಗಾರದ ನಾಣ್ಯವೊಂದನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು, ಅದರ ಅಂಚನ್ನು ಸವರುತ್ತ ತಿರುಗಿಸತೊಡಗಿದಳು.

ಒಂದು ಸುತ್ತು. ಎರಡು ಸುತ್ತು.

ಮೂರನೆಯ ಸುತ್ತಿಗೆ ನಾನು ಬಾಗಿಲ ಕಡೆ ನೋಡಿದೆ.

ಎಂಬತ್ತು ದಾಟಿದ ಮುದುಕಿ. ಎರಡೂ ಕಣ್ಣಿಗೆ ಪೊರೆ. ಎದುರಿಗೆ ನಿಂತವರು ಯಾರೆಂದು ದನಿಯಿಂದ ಗುರುತಿಸುತ್ತಾಳೆ. ಅವಳ ಕಣ್ಣಿನ ಬಗ್ಗೆ ನಾನು ಎಲ್ಲ ಯೋಚಿಸಿದ್ದೆ. ಹೆಬ್ಬೆರಳಿನ ಬಗ್ಗೆ ಯೋಚಿಸಿರಲಿಲ್ಲ.

ಅವಳು ಹುಡುಕುತ್ತಿದ್ದದ್ದು ಆ ನಾಣ್ಯದಲ್ಲಿ ಇರಲಿಲ್ಲ. ಇಲ್ಲವೆಂಬುದು ಆ ಇಡೀ ಪಡಸಾಲೆಯಲ್ಲಿ ಇಬ್ಬರಿಗಷ್ಟೇ ಗೊತ್ತಾಯಿತು.

ಇದನ್ನು ಬರೆಯಲು ಮೂರು ವಾರ ಹಿಂದೆಮುಂದೆ ನೋಡಿದೆ. ಆದದ್ದನ್ನು ಆದ ಹಾಗೆ, ಹೆಚ್ಚು ಕಡಿಮೆ ಮಾಡದೆ ಹೇಳಬೇಕು. ಹಾಗಾಗಿ ಮೊದಲಿನಿಂದ ಹೇಳುತ್ತೇನೆ.

ನನ್ನ ನಾಣ್ಯದ ಹುಚ್ಚು ಈ ಅಂಕಣ ಓದುವ ನಿಮಗೆ ಹೊಸದಲ್ಲ. (ನನ್ನ ಹೆಂಡತಿಗೂ ಹೊಸದಲ್ಲ. ಅವಳು ಅದಕ್ಕೆ ಇಟ್ಟ ಹೆಸರು ಮಾತ್ರ ಇಲ್ಲಿ ಬರೆಯುವಂಥದ್ದಲ್ಲ.) ಅದರಲ್ಲೂ ಯುರೋಪಿನ ಹಳೆಯ ಬಂಗಾರದ ನಾಣ್ಯಗಳು. ಬೆಳಗಾವಿಯ ಸಂಬಳದಾರನೊಬ್ಬ ಅವುಗಳನ್ನು ಕೂಡಿಸುವುದೆಂದರೇನು? ಹೆಚ್ಚಿನ ಮಟ್ಟಿಗೆ, ಹಳೆಯ ಕ್ಯಾಟಲಾಗ್ ಓದುವುದು. ಮಧ್ಯಾಹ್ನ ಊಟವಾದ ಮೇಲೆ ಕಿಟಕಿಯ ಪಕ್ಕ ಕೂತು, ಕಪ್ಪು ಬಿಳುಪು ಚಿತ್ರಗಳಿಗೆ ಮನಸ್ಸಿನಲ್ಲೇ ಹಳದಿ ಬಣ್ಣ ತುಂಬುವುದು. ಲಿಸ್ಬನ್, ವೆನಿಸ್, ಹಂಗೇರಿ ಎಂದು ತುಟಿಯಲ್ಲಿ ಅಂದುಕೊಳ್ಳುವುದು. ಅಷ್ಟರಲ್ಲಿ ಕಣ್ಣು ಹತ್ತುತ್ತದೆ. ಆ ಅರೆನಿದ್ದೆಯಲ್ಲಿ ನಾನು ಎಷ್ಟು ಸಿರಿವಂತನೋ ನಿಮಗೆ ಗೊತ್ತಿಲ್ಲ.

ಎಚ್ಚರದಲ್ಲಿ ನನ್ನ ಹತ್ತಿರ ಇರುವುದು ಎರಡೇ.

ಒಂದು ನಕಲು. ವೆನಿಸ್ಸಿನ ನಾಣ್ಯ ನೋಡಿ ನಮ್ಮ ಕಡೆಯ ಅಕ್ಕಸಾಲಿಗರು ಮಾಡಿದ್ದು. ಬಂಗಾರ ಖರೆಯೇ. ಅಕ್ಷರಗಳು ಮಾತ್ರ ಅಕ್ಷರಗಳಂತೆ ಕಾಣುವ ಗೀಟುಗಳು. ಇನ್ನೊಂದು ಅಸಲು. ಅದನ್ನು ಕೊಟ್ಟವಳು ದೊಡ್ಡವ್ವ, ನನ್ನ ತಾಯಿಯ ಅಕ್ಕ, ಮದುವೆಯಾದ ಮೇಲೂ ಬೀಡಿಯ ತವರಲ್ಲೇ ಉಳಿದವಳು. ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ.

ಆವತ್ತು ನಾನು ಬೀಡಿಗೆ ಹೋದದ್ದು ಸುಮ್ಮನೆ, ಅವಳನ್ನು ಮಾತಾಡಿಸಲಿಕ್ಕೆ. ಅವಳಿಗೆ ಆಗ ಕಣ್ಣು ಚೆನ್ನಾಗಿತ್ತು. ನನ್ನ ಹುಚ್ಚಿನ ಸುದ್ದಿ ಅಲ್ಲಿಯವರೆಗೆ ಮುಟ್ಟಿತ್ತು. ಗೋಡೆಯ ಮಾಡದಲ್ಲಿದ್ದ ಹಿತ್ತಾಳೆ ಡಬ್ಬಿ ತೆಗೆದು, ಅದರೊಳಗಿನ ಬಟ್ಟೆಯ ಗಂಟು ಬಿಚ್ಚಿ, ನನ್ನ ಅಂಗೈಯಲ್ಲಿ ಒಂದು ಪುತಳಿ ಇಟ್ಟಳು.

ಪುತಳಿ ನಿಮಗೆ ಗೊತ್ತಿರಬೇಕು. ನಮ್ಮ ಹೆಣ್ಣುಮಕ್ಕಳ ಪುತಳಿಸರದ ಒಂದೊಂದು ಬಿಲ್ಲೆ. ಆ ಸರದ ಮೂಲ ವೆನಿಸ್ಸಿನ ನಾಣ್ಯ ಎಂಬುದು ಮಾತ್ರ ಬಹಳ ಜನರಿಗೆ ಗೊತ್ತಿಲ್ಲ. ನಾಲ್ಕಾಣೆಗಿಂತ ಒಂದು ಕೂದಲು ದೊಡ್ಡದು. ಒಣಗಿದ ಎಲೆಯಷ್ಟು ತೆಳು. ಹಡಗಿನಲ್ಲಿ ಬಂದದ್ದು, ಗೋವೆಯಲ್ಲಿ ಇಳಿದದ್ದು, ಉಪ್ಪು ಹೇರಿದ ಎತ್ತುಗಳ ಹಿಂದೆ ಯಾರದೋ ಸೊಂಟದ ಚೀಲದಲ್ಲಿ ಘಟ್ಟ ಹತ್ತಿದ್ದು. ನಾನು ಲೋಂಡಾದ ಕಾಡಿನಲ್ಲಿ ರೈಲು ನಿಂತಾಗಲೆಲ್ಲ ಕಿಟಕಿಯಾಚೆ ನೋಡುತ್ತೇನೆ. ಮರಗಳ ನಡುವೆ ಆ ಎತ್ತುಗಳ ಕೊರಳ ಗಂಟೆ ಕೇಳಿದಂತಾಗುತ್ತದೆ. ನಿಮಗೂ ಆಗುತ್ತದೆಯೆ? ಆಗದಿದ್ದರೆ ನೀವು ಆರೋಗ್ಯವಾಗಿದ್ದೀರಿ.

ದೊಡ್ಡವ್ವ ಬೆರಳಿಟ್ಟು ತೋರಿಸಿದಳು.

"ನೋಡಪಾ, ಇಂವಾ ಗುರು. ಕೋಲ ಕೊಡಾಕತ್ತಾನ. ಇಂವಾ ಶಿಷ್ಯ, ಮೊಣಕಾಲೂರಿ ಇಸಕೊಳ್ಳಾಕತ್ತಾನ. ಹಿಂದ ಹೊಳ್ಳಿಸಿ ನೋಡು. ಶರಣ ಚುಕ್ಕಿ ನಡುವ ನಿಂತಾನ. ಬಯಲಾಗಾಕ ಹೊಂಟಾನ."

ನಾನು ವಿದ್ಯೆ ತೋರಿಸಿದೆ. ಇದು ಗುರುವಲ್ಲ, ವೆನಿಸ್ ಊರಿನ ಸಂತ. ಕೋಲಲ್ಲ, ಬಾವುಟ. ಮೊಣಕಾಲೂರಿದವನು ಅಲ್ಲಿಯ ದೊರೆ. ಹಿಂದೆ ಚುಕ್ಕಿಗಳ ನಡುವೆ ನಿಂತವನು ಯೇಸು. ದೊಡ್ಡವ್ವ ಎಲ್ಲವನ್ನೂ ಸಮಾಧಾನದಿಂದ ಕೇಳಿದಳು.

"ಹೌದಲ್ಲ ಮತ್ತ. ಅವರ ಊರಾಗೂ ಗುರು ಶಿಷ್ಯಾ ಇರತಾರಲ್ಲ," ಅಂದಳು.

ಗುರುವಿನ ಮೈಗೆ ಕೊಂಡಿ ಬೆಸೆಯಬಾರದೆಂದು ಆ ಮನೆಯ ಹೆಂಗಸರು ಅದನ್ನು ಸರಕ್ಕೆ ಪೋಣಿಸಿರಲಿಲ್ಲ. ಕೊರಳಲ್ಲಿ ಹಾಕಿರಲಿಲ್ಲ. ಒಂದೇ ಒಂದು ಕೆಲಸಕ್ಕೆ ಹೊರಗೆ ತೆಗೆಯುತ್ತಿದ್ದರು. ಮನೆಯಲ್ಲಿ ಕೂಸು ಹುಟ್ಟಿದಾಗ.

ತೊಟ್ಟಿಲಿಗೆ ಹಾಕುವ ದಿನ ಕೂಸಿಗೆ ನೆಕ್ಕಿಸುವ ಗುಟ್ಟಿ ತೇಯುತ್ತಾರೆ. ಸಾಣೆಕಲ್ಲಿನ ಮೇಲೆ ತಾಯಿಯ ಹಾಲು ನಾಲ್ಕು ಹನಿ. ಅದರಲ್ಲಿ ಬಜೆ ಒಂದು ಸುತ್ತು, ಜಾಯಿಕಾಯಿ ಒಂದು ಸುತ್ತು, ಅಳಲೆಕಾಯಿ ಒಂದು ಸುತ್ತು. ಕೊನೆಗೆ ಬಂಗಾರ. ಪುತಳಿಯನ್ನು ನೆಟ್ಟಗೆ ನಿಲ್ಲಿಸಿ, ಅಂಚನ್ನಷ್ಟೇ ಕಲ್ಲಿಗೆ ಮುಟ್ಟಿಸಿ ಎರಡು ಸುತ್ತು. ಅದೂ ಅಂಚಿನ ಒಂದೇ ಜಾಗದಲ್ಲಿ, ಗುರುವಿನ ಪಾದದ ಕೆಳಗೆ. ಮುಖಕ್ಕೆ ಕಲ್ಲು ತಾಗಬಾರದು. (ಈಗಿನ ಡಾಕ್ಟರು ಇದೆಲ್ಲ ಬೇಡ ಎನ್ನುತ್ತಾರೆ. ಅವರು ಹೇಳುವುದು ಸರಿಯೇ ಇರಬೇಕು. ನಾನು ನಡೆದದ್ದನ್ನು ಬರೆಯುತ್ತಿದ್ದೇನೆ.)

"ನೀ ಒಯ್ಯಿ. ಜ್ವಾಕಿ ಮಾಡ್ತಿ," ಅಂದಳು ದೊಡ್ಡವ್ವ. "ಮನ್ಯಾಗ ಕೂಸು ಹುಟ್ಟಿದಾಗ ಮಾತ್ರ ತರಬೇಕ್ ನೋಡು. ಹೇಳಿ ಕಳಸ್ತೀನಿ."

ತರುತ್ತೇನೆಂದು ಅವಳ ಕೈ ಮುಟ್ಟಿ ಹೇಳಿದೆ.

ಬೆಳಗಾವಿಗೆ ಬಂದವನು ನೇರ ಖಾಸಬಾಗಕ್ಕೆ ಹೋದೆ. ಅಲ್ಲಿ ದೇಸಾಯಿ ಮಾಸ್ತರರ ಮನೆ. ಚಿತ್ರಕಲೆಯ ಮಾಸ್ತರರಾಗಿ ನಿವೃತ್ತರಾದವರು, ನಾಣ್ಯದಲ್ಲಿ ನನಗೆ ಅಕ್ಷರ ಕಲಿಸಿದವರು. ಓಣಿಯ ತುಂಬ ಮಗ್ಗದ ಸದ್ದು. ಮಾಸ್ತರರು ಕಿಟಕಿಯ ಬೆಳಕಿಗೆ ಪುತಳಿ ಹಿಡಿದು, ಲೆನ್ಸಿಗೆ ಕಣ್ಣು ಹಚ್ಚಿ, ಉಸಿರಾಡುವುದನ್ನೇ ಬಿಟ್ಟರು.

"ಮೂಗೈತ್ರಿ!" ಎಂದು ಚೀರಿದರು. "ಗುರುವಿಗೆ ಮೂಗೈತಿ! ಇಷ್ಟ ವರ್ಷದಾಗ ಎಷ್ಟ ಪುತಳಿ ನೋಡೀನಿ. ಒಂದಕ್ಕರೇ ಮೂಗಿತ್ತೇನ್ರಿ?"

ನಗಬೇಡಿ. ನಾಣ್ಯ ಕೂಡಿಸುವವರ ಲೆಕ್ಕದಲ್ಲಿ ಗ್ರೇಡ್ ಎಂದರೆ ಅದೇ. ನಾಣ್ಯ ಎಷ್ಟು ಹಳೆಯದು ಎಂಬುದಕ್ಕಿಂತ, ಅದು ಎಷ್ಟು ಉಳಿದಿದೆ ಎಂಬುದು. ಗುಡ್, ಫೈನ್, ವೆರಿ ಫೈನ್, ಎಕ್ಸ್‌ಟ್ರೀಮ್ಲಿ ಫೈನ್ ಎಂದು ಮೆಟ್ಟಿಲು. ನಮ್ಮ ಕಡೆ ಬಂದ ಪುತಳಿಗಳೆಲ್ಲ ಕೆಳಗಿನ ಮೆಟ್ಟಿಲಲ್ಲೇ ಕೂತಿವೆ. ಯಾಕೆ? ಹೆಣ್ಣುಮಕ್ಕಳ ಕೊರಳಿಗೆ ಹೋದವು. ತಲೆಗೆ ಕೊಂಡಿ ಬೆಸೆಸಿಕೊಂಡವು. ಬೆವರು, ಸೀರೆಯ ಸೆರಗು, ಹಬ್ಬಕ್ಕೊಮ್ಮೆ ಅಂಟುವಾಳದ ನೊರೆ. ಮಗಳ ಮದುವೆ ಬಂದರೆ ಮೂಸೆಗೆ ಬಿದ್ದು ಕರಗಿ ಬಿಲ್ವಾರದ ಬಳೆಯಾಗಿ ಹೊರಗೆ ಬಂದವು. ಮೂಗು ಉಳಿಸಿಕೊಂಡ ಗುರು ಎಲ್ಲಿ ಸಿಗಬೇಕು?

"ಮನಷ್ಯಾ ಮುಟ್ಟಿದಷ್ಟು ಗ್ರೇಡ್ ಇಳೀತೈತ್ರಿ," ಎನ್ನುತ್ತಿದ್ದರು ಮಾಸ್ತರರು. "ಮುಟ್ಟಲಾರದ್ದು ಸಿಗೂದಿಲ್ಲ. ಅದಕ್ಕ ಅದು ರೇರ್."

ಆಮೇಲೆ ನಾಣ್ಯವನ್ನು ಓರೆ ಮಾಡಿದರು. ಅಂಚಿನಲ್ಲಿ, ಗುರುವಿನ ಪಾದದ ಕೆಳಗೆ, ಅಕ್ಕಿಕಾಳಿನಷ್ಟು ಉದ್ದದ ಸವಕಲು. ದುಂಡಗಿನ ಚಂದ್ರನನ್ನು ಒಂದು ಕಡೆ ಯಾರೋ ಒರೆಸಿದ ಹಾಗೆ.

ಮಾಸ್ತರರ ಮುಖ ಬಾಡಿತು. "ಇದೊಂದ್ ಇಲ್ಲದಿದ್ರ ನಾ ಎಕ್ಸ್‌ಟ್ರೀಮ್ಲಿ ಫೈನ್ ಅಂತ ಬರದ ಕೊಡತಿದ್ದೆ. ಅಂಚ ತಿಕ್ಕ್ಯಾರ. ಇನ್ನ ಮ್ಯಾಲರೇ ಕಲ್ಲ ಮುಟ್ಟಸಬ್ಯಾಡ್ರಿ."

"ಕೂಸು ಹುಟ್ಟಿದ್ರ?"

"ನಿಮ್ಮ ಕಡೆ ನಕಲಿ ಐತಲ್ಲ, ಅದನ್ನ ಒಯ್ರಿ. ಅದೂ ಬಂಗಾರನ. ಕೂಸಿಗೇನ್ ಗೊತ್ತಾಗತೈತಿ?"

ಎಷ್ಟು ಸರಿಯಾದ ಮಾತು ಅನ್ನಿಸಿತು. ಬಂಗಾರಕ್ಕೆ ಬಂಗಾರ. ಗುಟ್ಟಿಗೆ ಗುಟ್ಟಿ.

ದೊಡ್ಡವ್ವನ ಮೊಮ್ಮಗ ಈರಣ್ಣ ಲೋಂಡಾ ರೈಲ್ವೆಯಲ್ಲಿ ಕೆಲಸಕ್ಕಿದ್ದಾನೆ. ಅವನಿಗೆ ಮೊದಲು ಗೌರಿ ಹುಟ್ಟಿದಳು. ಕರೆ ಬಂತು, ನಕಲು ಒಯ್ದೆ. ಅಷ್ಟು ಹೊತ್ತಿಗೆ ದೊಡ್ಡವ್ವನ ಕಣ್ಣು ಮಂಜಾಗಿತ್ತು. "ನಿನ್ನ ಕೈ ನಡಗತಾವ, ನಾನ ತೇಯ್ತೀನಿ ಬಿಡು," ಎಂದು ನಾನೇ ಕಲ್ಲಿನ ಮುಂದೆ ಕೂತೆ. ಮೂರು ವರ್ಷದ ಮೇಲೆ ಮಲ್ಲಪ್ಪ ಹುಟ್ಟಿದ. ಮತ್ತೆ ನಕಲು. ಮತ್ತೆ ನಾನೇ. ಎರಡು ಸಲವೂ ದೊಡ್ಡವ್ವ ನನ್ನ ತಲೆ ಸವರಿದಳು.

ಮನೆಗೆ ಬಂದು ಅಸಲನ್ನು ಹತ್ತಿಯ ಮೇಲಿಂದ ಎತ್ತಿ ಲೆನ್ಸಿನಲ್ಲಿ ನೋಡುತ್ತಿದ್ದೆ. ಗುರುವಿನ ಮೂಗು ಇದ್ದಲ್ಲೇ ಇತ್ತು. ಆ ರಾತ್ರಿಗಳ ನಿದ್ದೆ ಬಹಳ ಚೆನ್ನಾಗಿತ್ತು ಎಂಬುದನ್ನೂ ಇಲ್ಲಿ ಬರೆಯಬೇಕು.

ಹೋದ ತಿಂಗಳು ಮೂರನೆಯದು ಹುಟ್ಟಿತು. ಹೆಣ್ಣು. ಅಭ್ಯಾಸದಂತೆ ನಕಲನ್ನು ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಖಾನಾಪುರದ ಸೇತುವೆಯ ಮೇಲೆ ಮಲಪ್ರಭೆಯ ಮಂಜು ಇನ್ನೂ ಕರಗಿರಲಿಲ್ಲ. ನಂದಗಡ ದಾಟುವಾಗ ತೂಕಡಿಸಿದೆ. ಬೀಡಿಯಲ್ಲಿ ಇಳಿದಾಗ ಮನಸ್ಸು ನೊರೆಯಷ್ಟು ಹಗುರ.

ಸಾಣೆಕಲ್ಲಿನ ಮುಂದೆ ಕೂರಲು ಹೋದರೆ ದೊಡ್ಡವ್ವ ಕೈ ಅಡ್ಡ ಹಿಡಿದಳು.

"ಸರೀ ಅತ್ತಾಗ. ಇದು ನಾ ನೋಡೂ ಕಡೀ ಕೂಸು. ನಾನ ತೇಯ್ತೀನಿ."

ಕೊಟ್ಟೆ. ಕೊಡದೆ ಏನು ಮಾಡಲಿ?

ಅವಳು ಗುರುವನ್ನು ನೋಡಲಿಲ್ಲ, ನೋಡಲು ಕಣ್ಣಿರಲಿಲ್ಲ. ಎಲ್ಲಿ ತೇಯಬೇಕೆಂದು ಅಂಚಿನ ಸವಕಲನ್ನು ಹೆಬ್ಬೆರಳಿನಿಂದ ಹುಡುಕಿದಳು. ಅವಳ ತಾಯಿ ಹುಡುಕಿದ ಹಾಗೆ, ಅಜ್ಜಿ ಹುಡುಕಿದ ಹಾಗೆ. ಅರ್ಧ ಕತ್ತಲೆಯ ಬಾಣಂತಿ ಕೋಣೆಗಳಲ್ಲಿ ಆ ಮನೆಯ ಹೆಂಗಸರು ಯಾವತ್ತೂ ಬೆರಳಿನಿಂದಲೇ ಹುಡುಕುತ್ತಿದ್ದರು. ನನ್ನ ನಕಲಿನ ಅಂಚು ಬಳೆಯಂತೆ ನುಣುಪು.

ಮೂರನೆಯ ಸುತ್ತು ಮುಗಿಯಿತು. ಹೆಬ್ಬೆರಳು ನಿಂತಿತು.

"ಅಂಚ ಮತ್ತ ಬೆಳದೈತಲ್ಲಪಾ," ಅಂದಳು ದೊಡ್ಡವ್ವ.

ಹೆಣ್ಣುಮಕ್ಕಳು ನಕ್ಕರು. ಬಾಜೂ ಮನೆಯ ನೀಲವ್ವ, "ಬಂಗಾರ ಎಲ್ಲೆರೇ ಬೆಳೀತೈತೇನಬೇ ಮುದುಕಿ? ಹಂಗ ಬೆಳೀತಿದ್ರ ಎರಡೆಕರೆ ಬಿತ್ತತಿದ್ದೆ!" ಅಂದಳು. ಮತ್ತೆ ನಗು.

"ನಮ್ಮ ಮನೀದು ಬೆಳದೈತಿ ನೋಡು," ಎಂದಳು ದೊಡ್ಡವ್ವ. ನಗಲಿಲ್ಲ. ನಾಣ್ಯವನ್ನು ನನ್ನ ಅಂಗೈಗೆ ಹಾಕಿ, ನನ್ನ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಮುಚ್ಚಿದಳು. ಆಮೇಲೆ ಈರಣ್ಣನ ಹೆಂಡತಿಯತ್ತ ತಿರುಗಿ, "ಇವತ್ತ ಬ್ಯಾಡವಾ. ಬರೂ ರವಿವಾರ ತೇಯೂಣು. ಹೆಸರಿಡೂದು ನಡಸ್ರಿ," ಅಂದಳು.

ಊಟವಾದ ಮೇಲೆ ಹಿತ್ತಲಿಗೆ ಕರೆದಳು. ಒಗೆಯುವ ಕಲ್ಲಿನ ಮೇಲೆ ಕೂತಳು. ನಾನು ನಿಂತಿದ್ದೆ.

"ಎಷ್ಟ ಸಲ?"

"ಎರಡ ಸಲ, ದೊಡ್ಡವ್ವಾ."

"ಗೌರಿಗೂ? ಮಲ್ಲನಿಗೂ?"

"ಹೂಂ."

"ಖರೇದು ಎಲ್ಲೈತಿ? ಮಾರಿದೇನು?"

"ಇಲ್ಲ. ಮನ್ಯಾಗೈತಿ. ಸವೀತೈತಿ ಅಂತ... ಇದೂ ಬಂಗಾರನ, ದೊಡ್ಡವ್ವಾ. ಸುಳ್ಳಲ್ಲ."

"ಬಂಗಾರ ನನ್ನ ಕಿವ್ಯಾಗೂ ಐತಿ," ಎಂದು ತನ್ನ ಬುಗುಡಿ ಮುಟ್ಟಿ ತೋರಿಸಿದಳು. "ಬಂಗಾರಕ್ಕಂತ ಬೆಳಗಾಂವಿಂದ ನಿನ್ನ ಕರಸಬೇಕಿತ್ತೇನು?"

ಬೈದಿದ್ದರೆ ಸುಲಭವಿತ್ತು. ಅವಳು ಬೈಯಲಿಲ್ಲ. ಕಾಣದ ಕಣ್ಣುಗಳನ್ನು ಬೇಲಿಯ ಆಚೆಗೆ ನೆಟ್ಟು, ನಿಧಾನವಾಗಿ ಹೇಳಿದಳು.

"ಆ ಸವಕಲದಾಗ ನಮ್ಮವ್ವ ಅದಾಳ. ನಾ ಅದೀನಿ. ನಿಮ್ಮವ್ವ ಅದಾಳ. ನೀನೂ ಅದಿ. ಇದ ಮನ್ಯಾಗಲ್ಲೇನು ನೀ ಹುಟ್ಟಿದ್ದು? ನೀ ಭಾಳ ಅಳತಿದ್ದಿ. ಅದಕ ನಿನಗ ಎರಡ ಸುತ್ತ ಹೆಚ್ಚಿಗಿ ತೇದಿದ್ವಿ."

ಓದುಗರೇ, ಹತ್ತು ವರ್ಷ ನಾನು ಆ ಸವಕಲನ್ನು ಲೆನ್ಸಿನಲ್ಲಿ ನೋಡಿ, ಯಾರೋ ತಿಳಿಗೇಡಿಗಳು ಅಂಚು ಹಾಳು ಮಾಡಿದ್ದಾರೆಂದು ಹಳಹಳಿಸಿದ್ದೆ. ಹೆಚ್ಚಿನ ಎರಡು ಸುತ್ತು ನನ್ನದೇ ಎಂದು ಯಾವ ಕ್ಯಾಟಲಾಗಿನಲ್ಲೂ ಬರೆದಿರಲಿಲ್ಲ.

ಆದರೂ ಇಷ್ಟಕ್ಕೇ ನಾನು ಬದಲಾದೆ ಎಂದುಕೊಳ್ಳಬೇಡಿ. ಹುಚ್ಚು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ವಾರದ ನಡುವೆ ಖಾಸಬಾಗಕ್ಕೆ ಹೋದೆ. ಮಾಸ್ತರರ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ದಿನ ತುಂಬಿತ್ತು. ಸೊಂಟದ ಮೇಲೆ ಕೈಯಿಟ್ಟುಕೊಂಡು ಚಹಾ ತಂದಿಟ್ಟು ಹೋದಳು.

ಮಾಸ್ತರರು ಎಲ್ಲ ಕೇಳಿ, ಕೂತಲ್ಲೇ ಒಮ್ಮೆ ಮುಂದೆ ಒಮ್ಮೆ ಹಿಂದೆ ಸರಿದರು.

"ಬ್ಯಾಡ್ರಿ. ಕೈ ಮುಗೀತೀನಿ. ಹಿಂದಿನವ್ರು ತಿಳೀಲಾರದ ಮಾಡ್ಯಾರ. ನೀವು ತಿಳದು ತಿಳದು ಕಲ್ಲಿಗೆ ಹಚ್ಚತೀರೇನು? ಅಮೇರಿಕಾದಾಗ ಈಗ ಏನ್ ಮಾಡಾಕತ್ತಾರ ಗೊತ್ತೈತೇನ್ರಿ? ನಾಣ್ಯಾ ಪ್ಲಾಸ್ಟಿಕ್ ಡಬ್ಬ್ಯಾಗ ಇಟ್ಟು, ಮಾರ್ಕ್ಸ್ ಬರದು, ಸೀಲ್ ಮಾಡಿಬಿಡ್ತಾರಂತ. ಎಪ್ಪತ್ತಕ್ಕ ಇಷ್ಟ ಅಂತ. ಮುಗೀತು. ಇನ್ನ ಯಾರೂ ಮುಟ್ಟೂದಿಲ್ಲ."

"ಯಾರೂನೂ?"

"ಯಾರೂನೂ!" ಅಂದರು ಮಾಸ್ತರರು, ಸ್ವರ್ಗದ ಬಾಗಿಲು ತೆರೆದಂಥ ದನಿಯಲ್ಲಿ.

ಅವರು ಹೇಳಿದ್ದು ಸುಳ್ಳಲ್ಲ. ಇಂಥ ಮೂಗಿರುವ ಗುರು ನಮ್ಮ ಸೀಮೆಯಲ್ಲಿ ಇನ್ನೊಬ್ಬ ಇಲ್ಲದಿರಬಹುದು. ಒಮ್ಮೆ ಸವೆದದ್ದು ಬೆಳೆಯುವುದಿಲ್ಲ. ದೊಡ್ಡವ್ವನಿಗೆ ಕಂತ್ರಾಟು ಬರೆದುಕೊಟ್ಟಿಲ್ಲ. ಇನ್ನೆರಡು ವರ್ಷ ಏನಾದರೂ ನೆಪ ಹೇಳಿದರೆ ಕೇಳುವವರೂ ಇರುವುದಿಲ್ಲ. ಹೌದು, ಇದನ್ನೂ ಯೋಚಿಸಿದೆ. ಯೋಚಿಸಿದ್ದನ್ನು ಮುಚ್ಚಿಡುವುದಿಲ್ಲ.

ಶನಿವಾರ ಮಧ್ಯಾಹ್ನ ಕಿಟಕಿಯ ಪಕ್ಕ ಕೂತು ಅಸಲನ್ನು ತೆಗೆದೆ. ಮೊದಲ ಸಲ ಮುಖ ನೋಡಲಿಲ್ಲ, ಅಂಚನ್ನೇ ಲೆನ್ಸಿಗೆ ಹಿಡಿದೆ. ಸವಕಲಿನ ಒಳಗೆ ಎಣಿಸಲಾರದಷ್ಟು ಸಣ್ಣ ಗೀರುಗಳು. ಒಂದರ ಪಕ್ಕ ಒಂದು, ಉಳುಮೆ ಮಾಡಿದ ಹೊಲದ ಹಾಗೆ. ನೋಡುತ್ತ ನೋಡುತ್ತ ಕಣ್ಣು ಎಳೆಯಿತು. ಅರೆನಿದ್ದೆಯಲ್ಲಿ ಈ ಸಲ ವೆನಿಸ್ ಬರಲಿಲ್ಲ, ಹಡಗು ಬರಲಿಲ್ಲ. ಹಾಲಿನ ವಾಸನೆ ಬಂತು. ಯಾರೋ ಅಳುತ್ತಿದ್ದರು. ಯಾರೋ, ಇನ್ನೊಂದು ಸುತ್ತು ತೇಯ್ರೆವ್ವಾ, ಎನ್ನುತ್ತಿದ್ದರು.

ರವಿವಾರ ಅಸಲನ್ನು ಎದೆಯ ಜೇಬಿನಲ್ಲಿಟ್ಟುಕೊಂಡು ಬೀಡಿಗೆ ಹೋದೆ. ಈ ಸಲ ಬಸ್ಸಿನಲ್ಲಿ ತೂಕಡಿಸಲಿಲ್ಲ.

ದೊಡ್ಡವ್ವನ ಹೆಬ್ಬೆರಳು ಅರ್ಧ ಸುತ್ತಿನಲ್ಲೇ ಸವಕಲನ್ನು ಕಂಡಿತು. ಕಂಡಲ್ಲಿ ಸ್ವಲ್ಪ ಹೊತ್ತು ನಿಂತಿತು. "ಬಂದಿ ಬಾ," ಅಂದಳು. ನನಗೋ ನಾಣ್ಯಕ್ಕೋ, ಕೇಳಲಿಲ್ಲ.

ಕೂಸಿನ ಸರದಿ ಮುಗಿದ ಮೇಲೆ ಅವಳು ಕೂಗಿದಳು. "ಗೌರೀ! ಮಲ್ಲಾ! ಬರ್ರಿ, ಕುಂದರ್ರಿ ಇಲ್ಲೆ. ನಿಮ್ಮ ಪಾಲಿಂದು ಬಾಕಿ ಐತಿ."

ಆರು ವರ್ಷದ ಗೌರಿ ಸೊಂಟಕ್ಕೆ ಕೈ ಕೊಟ್ಟಳು. "ನಾ ಏನ್ ಕೂಸೇನು? ಸಾಲಿಗೆ ಹೋಗ್ತೀನಿ ನಾ."

"ನಿಮ್ಮಪ್ಪನ ಕಾಕಾ ಇದನ್ನ ತರೂದು ಮರತಿದ್ದ. ಬಾಯಿ ತಗೀ."

ಮರೆತಿದ್ದ ಎಂದಳು. ಅಷ್ಟೇ. ಅದಕ್ಕಿಂತ ಹೆಚ್ಚು ಆ ಮನೆಯಲ್ಲಿ ಯಾರಿಗೂ ಅವಳು ಹೇಳಿಲ್ಲ. ನಾನೇ ಈಗ ಹೇಳುತ್ತಿದ್ದೇನೆ.

ಎರಡು ನಾಲಿಗೆಗಳು ಸಾಲಾಗಿ ಹೊರಗೆ ಬಂದವು. ಕಪ್ಪು ಕಲ್ಲಿನ ಮೇಲೆ ಹಾಲಿನ ನಡುವೆ ಕೂದಲಿನಷ್ಟು ಸಣ್ಣ ಹಳದಿ ಗೆರೆ. ಎಷ್ಟು ಎಂದರೆ, ಬಿಸಿಲು ಬೀಳದಿದ್ದರೆ ಕಾಣುತ್ತಿರಲಿಲ್ಲ. ಗೌರಿ ಮುಖ ಕಿವುಚಿದಳು. "ಥೂ, ಕಹಿ ಐತಿ!" ಮೂರು ವರ್ಷದ ಮಲ್ಲಪ್ಪ ಬೆರಳು ನೆಕ್ಕಿ, "ಇನ್ನಟ," ಅಂದ.

"ಇಂವಾ ನಿನ್ನಂಗ ಆಗ್ತಾನ ನೋಡು," ಎಂದು ದೊಡ್ಡವ್ವ ನನ್ನ ಕಡೆ ನಕ್ಕಳು. ಆ ನಗು ಬರುವವರೆಗೆ ಒಂದು ವಾರ ನಾನು ಹೇಗಿದ್ದೆ ಎಂಬುದನ್ನು ಬರೆಯಲು ನನಗೆ ಬರುವುದಿಲ್ಲ.

ಮೊನ್ನೆ ಖಾಸಬಾಗಕ್ಕೆ ಹೋಗಿ ಪುತಳಿಯನ್ನು ಮಾಸ್ತರರ ಮುಂದೆ ಇಟ್ಟೆ. ಮುಚ್ಚಿಡುವುದು ಸಾಕಾಗಿತ್ತು. ಅವರು ಲೆನ್ಸ್ ತೆಗೆದುಕೊಂಡರು. ಮುಖ ನೋಡಿದರು. ಮೂಗು ಇತ್ತು. ಅಂಚನ್ನು ನೋಡಿದರು. ಬಹಳ ಹೊತ್ತು ನೋಡಿದರು. ಓಣಿಯ ಮಗ್ಗಗಳು ಟಕಟಕ ಎನ್ನುತ್ತಿದ್ದವು.

"ಇಳೀತ್ರಿ ಗ್ರೇಡು," ಅಂದರು ಕೊನೆಗೆ, ಸಣ್ಣ ದನಿಯಲ್ಲಿ.

"ಎಷ್ಟ ಇಳೀತ್ರಿ?"

"ಮೂರ್ ಕೂಸಿನಷ್ಟು."

ಒಳಗಿನ ಕೋಣೆಯಲ್ಲಿ ಎಳೆಯ ದನಿಯೊಂದು ಅತ್ತಿತು. ಆಗ ಕೇಳಿದರೆ, ಮಗಳು ಹೆತ್ತು ಒಂಬತ್ತು ದಿನವಾಗಿತ್ತಂತೆ. ಮಾಸ್ತರರು ಲೆನ್ಸ್ ಕೆಳಗಿಟ್ಟರು. ಪುತಳಿಯನ್ನು ಮಾತ್ರ ಕೆಳಗಿಡಲಿಲ್ಲ. ಒಳಗಿನ ಬಾಗಿಲ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದರು. ಅವರ ಹೆಬ್ಬೆರಳು ತನ್ನಷ್ಟಕ್ಕೆ ಅಂಚಿನ ಸವಕಲಿಗೆ ಹೋಗಿ ಕೂತಿತ್ತು.

"ಸಾಣಿಕಲ್ಲು," ಅಂದರು, "ಗಂಧ ತೇಯೂದೈತ್ರಿ. ಗುಟ್ಟಿಗೆ ನಡೀತೈತೇನ್ರಿ?"